ನಾಲ್ಕು ಬ್ಲೇಡಿನ ಸಂದು

ಇದರ ಎದೆ ಇರುವುದು ಬೆನ್ನಿನಲ್ಲಿ.
ಗೊತ್ತಿಲ್ಲದವರು ಮುಂದಿನ ಮುಚ್ಚಳ ಎತ್ತಿ
ಸ್ಟೆಪ್ನಿಯನ್ನೂ ನನ್ನ ಬಟ್ಟೆಗಂಟನ್ನೂ ಕಂಡು
ಎಂಜಿನ್ನೇ ಕದ್ದಿದ್ದಾರಲ್ಲ ತಾಯಿ, ಅನ್ನುತ್ತಾರೆ.
ಅರವತ್ತಾರರ ಫಿಯೆಟ್. ನನಗಿಂತ ಎರಡು ವರ್ಷ ಹಿರಿದು.

ಗಿಂದಾ ಬಿಡುವಾಗ ಚೆನ್ನಾಗೇ ಇತ್ತು.
ಭಾನುವಾರ ಅಸ್ಮರಾದಲ್ಲಿ ಸೈಕಲ್ ಪಂದ್ಯ:
ಹದಿನಾಲ್ಕು ಅಂಗಿ, ಬೆನ್ನಿಗೆ ನಂಬರು,
ಏಳನೆಯದರ ತೋಳು ಎರಡು ಸಲ ಬಿಚ್ಚಿ ಹೊಲಿದಿದ್ದೆ.
ನೆಫಾಸಿತ್ ದಾಟಿ ಮೂರನೇ ತಿರುವಿನಲ್ಲಿ
ಬಿಸಿಯಾಯಿತು, ಕೆಮ್ಮಿತು, ನಿಂತಿತು.
ಆರಲಿ ಎಂದು ಕೂತೆ. ಹತ್ತಿಕೊಂಡಿತು.
ಇನ್ನೂರು ಹೆಜ್ಜೆ. ಮತ್ತೆ ಅದೇ.
ಕಾಯಿಲ್ ಹೊಸದು, ಪ್ಲಗ್ಗುಗಳು ಹೊಸವು,
ಹೋದ ತಿಂಗಳ ದುಡಿಮೆ ಅವಕ್ಕೇ ಸುರಿದಿದ್ದೆ.

ಮೇಲಿನಿಂದ ಮಂಜು ಇಳಿಯುತ್ತಿತ್ತು.
ಕೆಳಗಿನಿಂದ ಬಂದರು ನನ್ನ ಹುಡುಗರು,
ಯಾರ ಎದೆಸುತ್ತು ನನಗೆ ಬಾಯಿಪಾಠವೋ ಅವರೇ,
ಪೆಡಲ್ ಮೇಲೆ ನಿಂತು, ಉಸಿರಿಗೊಂದು ಮಾತು:
ಅಬ್ರೆಹೆತ್ ಅಮ್ಮಾ, ಅಂಗಿ, ನಮಗೇ, ಕೊಟ್ಟುಬಿಡಿ,
ನಾವೇ, ಮೊದಲು, ಮುಟ್ಟುತ್ತೇವೆ!
ಮಂಜಿನೊಳಗೆ ನಗು ಮಾತ್ರ ಸ್ವಲ್ಪ ಹೊತ್ತು ಉಳಿಯಿತು.

ಗೇರು ಬಿಡಿಸಿ, ಕತ್ತು ಹಿಂದಕ್ಕೆ ತಿರುಗಿಸಿ,
ಕತ್ತೆಯೊಂದಕ್ಕೆ ದಾರಿ ಕೊಟ್ಟು,
ಹಿಮ್ಮುಖವಾಗಿಯೇ ಜಾರಿದೆ ನೆಫಾಸಿತ್‌ಗೆ.

ಹಬ್ತೆಜ್ಗಿ ರೇಡಿಯೊ ರಿಪೇರಿಯವನು.
ಕಾರು ನನಗೆ ಗೊತ್ತಿಲ್ಲ, ಅಂದ. ಕಿಡಿ ಗೊತ್ತು.
ಕಿಡಿ ಹಳದಿಯಿತ್ತು, ಕಾಮಾಲೆಯವರ ಕಣ್ಣಿನಂತೆ.
ನೀಲಿಯಿರಬೇಕು, ಚಟ್ಟೆನ್ನಬೇಕು, ಅಂದ.
ಡಿಸ್ಟ್ರಿಬ್ಯೂಟರಿನ ಟೊಪ್ಪಿಗೆ ತೆಗೆದ. ಪಾಯಿಂಟುಗಳಲ್ಲಿ
ಒಂದರ ಮುಖಕ್ಕೆ ಗುಡ್ಡ, ಇನ್ನೊಂದಕ್ಕೆ ಗುಂಡಿ.
ಇವು ಬೆಂದಿವೆ, ಕದ್ದವನು ಬೇರೆ, ಎನ್ನುತ್ತ
ಪಕ್ಕದಲ್ಲಿ ಏನೂ ಅರಿಯದಂತೆ ಕೂತಿದ್ದ
ಹೆಬ್ಬೆಟ್ಟಿನಷ್ಟು ತಗಡಿನ ಡಬ್ಬಿಯ ತಲೆಗೆ ಮೊಟಕಿದ.
ಕಂಡೆನ್ಸರ್. ಸಂದು ತೆರೆದಾಗ ನುಗ್ಗುವ ಕರೆಂಟನ್ನು
ಒಂದು ಗುಟುಕು ನುಂಗಿ ತಡೆಯುವುದೇ ಅದರ ಕೆಲಸ.
ನುಂಗದಿದ್ದರೆ ಹೊಸ್ತಿಲಲ್ಲೇ ಬೆಂಕಿ;
ಒಳಗೆ ಒಲೆ ತಣ್ಣಗೆ.

ಇಲ್ಲಿ ಸಿಗದು. ಇಂದು ಸಿಗದು.
ಅವನು ಗೂಡಿನ ಕಡೆ ನೋಡಿದ,
ನೋಡಲಿಲ್ಲವೆಂಬಂತೆ ಬೀಡಿ ಹಚ್ಚಿದ, ಮತ್ತೆ ನೋಡಿದ.
ಮರದ ಮೈಯ ರೇಡಿಯೊ. ಅಣ್ಣನದಂತೆ.
ಯುದ್ಧದ ರಾತ್ರಿಗಳಲ್ಲಿ ಕಂಬಳಿಯೊಳಗೆ
ಕಿವಿ ಅಂಟಿಸಿ ಕೇಳುತ್ತಿದ್ದದ್ದು.
ಅಣ್ಣ ಬೆಟ್ಟಕ್ಕೆ ಹೋದ. ರೇಡಿಯೊ ಮಾತು ನಿಲ್ಲಿಸಿತು.
ರಿಪೇರಿಯವನ ಮನೆಯಲ್ಲೇ ರಿಪೇರಿಯಾಗದೆ ಉಳಿದದ್ದು.

ಅದರ ಹೊಟ್ಟೆಯಿಂದ ಬೆರಳುದ್ದದ ಕಂದು ಕೊಳವೆಯೊಂದನ್ನು
ಬೆಸುಗೆ ಬಿಡಿಸಿ ತೆಗೆದ. ಮೀಟರಿಗೆ ಹಚ್ಚಿದರೆ
ಮುಳ್ಳು ದಡಕ್ಕನೆ ಎದ್ದು, ಮೆಲ್ಲಗೆ ಮಲಗಿತು.
ಜೀವ ಇದೆ, ಅಂದ.

ಸಂದು ಇಡುವಾಗ ಅವನ ಕೈ ನಡುಗಿತು.
ತಾ, ಅಂದೆ. ಚಿಮಣಿ ಬೆಳಕಲ್ಲಿ ಸೂಜಿಗೆ ದಾರ ಪೋಣಿಸಿದವಳು.
ಗುಡ್ಡ ಉಜ್ಜಿ ಇಳಿಸಿದೆ, ನಾಲ್ಕು ಶೇವಿಂಗ್ ಬ್ಲೇಡು ಜೋಡಿಸಿ ತೂರಿಸಿದೆ,
ಬಿಗಿಯಲ್ಲ, ಸಡಿಲವಲ್ಲ,
ಗುಂಡಿಯ ಮನೆಯೊಳಗೆ ಗುಂಡಿ ಹೋಗುವಷ್ಟೇ.
ಕೊಳವೆಯನ್ನು ಹೊರಗಡೆ ಕಟ್ಟಿದೆವು,
ಟೇಪು ಸುತ್ತಿ, ಮೇಲೆ ಅಂಗಿಯ ಕೆಂಪು ದಾರ.

ಚಟ್. ನೀಲಿ.

ದುಡ್ಡು ಬೇಡವೆಂದ. ಕೆಟ್ಟ ಕಂಡೆನ್ಸರ್ ಕೊಡು ಅಂದ.
ಅದನ್ನೇ ರೇಡಿಯೊದ ಖಾಲಿ ಜಾಗಕ್ಕೆ ಬೆಸೆಯತೊಡಗಿದ.
ಅದರಿಂದ ಹಾಡಲಾರದಲ್ಲ, ಅಂದೆ.
ಹಾಡಲಿ ಅಂತಲ್ಲ.
ಬಿದ್ದ ಹಲ್ಲಿನ ಜಾಗ ನಾಲಿಗೆಗೆ ಸಿಗುತ್ತಲೇ ಇರುತ್ತದೆ.

ದಾರಿಯುದ್ದ ಬೆನ್ನ ಹಿಂದೆ ಕಿವಿಯಿಟ್ಟಿದ್ದೆ.
ಸುಳ್ಳೇಕೆ, ಯಾರ ದನಿಯೂ ಕೇಳಲಿಲ್ಲ,
ನಾಲ್ಕು ಸಿಲಿಂಡರು, ವೈಪರಿನ ಕಿರ್ರು.
ಹೊಸ ಕಂಡೆನ್ಸರ್ ಆಮೇಲೆ ಕೊಂಡೆ.
ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಕಾಗದ ಬಿಚ್ಚದೆ ಬಿದ್ದಿದೆ.

ಏಳನೇ ನಂಬರಿನವನು ಹದಿನೇಳನೆಯವನಾಗಿ ಬಂದ.
ತೋಳು ಬಿಗಿಯಾಯ್ತು ಅಮ್ಮಾ, ಅಂದ.