ನಾಲ್ಕನೇ ಸೀಟಿ

ಅಮ್ಮ ಹೇಳಿ ಹೋದದ್ದು ಇಷ್ಟೇ:
ನಾಲ್ಕು ಸೀಟಿ ಆದಮೇಲೆ ಗ್ಯಾಸ್ ಆರಿಸು.

ಮೊದಲನೆಯದು ಕೇಳಿದ ನೆನಪಿದೆ.
ಆಮೇಲೆ ಕಾಲೇಜು ಫೀಸಿನ ರಸೀದಿ ಹುಡುಕಲು ಹೋದೆ,
ರಸೀದಿಯ ಡಬ್ಬಿಯಲ್ಲಿ ಅಪ್ಪನ ನಿಂತ ವಾಚು ಸಿಕ್ಕಿತು,
ಅದರ ಬೆನ್ನು ಬಿಚ್ಚಲು ಸ್ಕ್ರೂಡ್ರೈವರ್ ಬೇಕಾಯಿತು,
ಸಜ್ಜಾದಿಂದ ಇಳಿಸಿದ ಚೀಲದಲ್ಲಿ ಸ್ಕ್ರೂಡ್ರೈವರ್ ಇರಲಿಲ್ಲ,
ಹೋದ ವರ್ಷ ಅರ್ಧಕ್ಕೆ ಬಿಟ್ಟ ಕ್ರೋಶಾ ಇತ್ತು.
ನೆಲದ ಮೇಲೇ ಕೂತೆ. ಕೆಂಪು ನೂಲು. ಎಷ್ಟು ಚೆಂದದ ಕೆಂಪು.

ನನ್ನ ತಮ್ಮ ಚೌಡೇಶ ಬಚ್ಚಲಿನ ಬಾಗಿಲ ಹಿಂದೆ
ಎರಡೂ ಅಂಗೈ ಕಿವಿಗೆ ಒತ್ತಿ ನಿಂತಿದ್ದ.
ಸೀಟಿ ಅವನಿಗೆ ಬರೀ ಸದ್ದಲ್ಲ,
ಹಲ್ಲಿನ ಬೇರಿಗೆ ತಾಗಿಸಿದ ತಂತಿ.
ಐದು. ಆರು. ಏಳು.
ಎಣಿಸಬಲ್ಲ, ಕೂಗಿ ಹೇಳಲಾರ.
ಅವನ ಮಾತು ಗದ್ದಲ ಮುಗಿದಮೇಲೆ ಬರುವ ನೆಂಟ.

ಬೇಳೆ ಸೀದಿತ್ತು.
'ಇಪ್ಪತ್ತೊಂದು ವರ್ಷ ಆಯ್ತಲ್ಲೇ ನಿಂಗೆ' ಅಂದಳು ಅಮ್ಮ.
ಆಮೇಲೆ ತಳ ಉಜ್ಜುವ ಸದ್ದು.
ನನಗದು ಬೈಗುಳ, ಅವನಿಗೆ ಮತ್ತೆ ತಂತಿ.

ಗಮನ ಕೊಡು, ಗಮನ ಕೊಡು ಎನ್ನುತ್ತಾರೆ ಎಲ್ಲರೂ.
ಗಮನವೆಂದರೆ ಹೋಗುವುದು ಅಂತಲೂ ಇದೆ ನಿಘಂಟಿನಲ್ಲಿ.
ನನ್ನದು ಹೋಗುತ್ತಲೇ ಇದೆ.
ಗೋಪಿ ಸರ್ಕಲ್ಲಿನಲ್ಲಿ ಇಳಿಯಬೇಕಾದವಳಿಗೆ
ಹೊಳೆ ದಾಟಿ ವಿದ್ಯಾನಗರದಲ್ಲಿ ಎಚ್ಚರ.
ಚೌಡೇಶ ಜೊತೆಗಿದ್ದರೆ ಹಾಗಾಗದು,
ಗೋಪಾಳದ ಅಷ್ಟೂ ಬಸ್ಸುಗಳ ಹೊತ್ತು ಅವನಿಗೆ ಬಾಯಿಪಾಠ;
ಆದರೆ ಕಂಡಕ್ಟರು ಕಿವಿಯ ಪಕ್ಕ ಪೀಪಿ ಊದಿ
'ಒಳಗೆ ಹೋಗೋ ಮಾರಾಯ' ಎಂದು ಭುಜ ಹಿಡಿದ ದಿನ
ಮೆಟ್ಟಿಲ ಮೇಲೇ ಕುಸಿದು ಕೂತ.
'ನೋಡೋಕೆ ಚೆನ್ನಾಗೇ ಇದ್ದಾನಲ್ಲ' ಅಂದರು ಯಾರೋ.
ನಡೆದೇ ಬಂದೆವು. ಮನೆ ಮುಟ್ಟಿದಮೇಲೆ ಹೇಳಿದ,
ನನ್ನ ಹರಿದ ಚಪ್ಪಲಿ ಟಪ್ ಎಂದದ್ದು
ಎರಡು ಸಾವಿರದ ಮುನ್ನೂರ ಆರು ಸಲ.

ಇವತ್ತು ಭಾನುವಾರ. ಮತ್ತೆ ಬೇಳೆ.
ಯಾರೂ ಹೇಳದೆಯೇ ಅವನು ಕೆಂಪು ನೂಲಿನ ತುದಿಯನ್ನು
ನನ್ನ ಕಾಲ್ಬೆರಳಿಗೆ ಕಟ್ಟಿದ, ಎರಡು ಸುತ್ತು, ಅವನದೇ ಗಂಟು.
ಉಂಡೆ ಬಿಚ್ಚುತ್ತ ಹೊರಗೆ ಹೋಗಿ
ಅಪ್ಪನ ಹೆಲ್ಮೆಟ್ ಹಾಕಿಕೊಂಡು ಗೇಟಿನ ಬಳಿ ಕೂತ.
'ಎಲ್ಲಿಗೆ ಹೊರಟೆಯೋ?' ಪಕ್ಕದ ಮನೆಯ ಪುಟ್ಟಕ್ಕ ಕೇಳಿದರು.
ಉತ್ತರವಿಲ್ಲ. ಎಣಿಸುತ್ತಿದ್ದ.

ಒಂದು ಎಳೆತ.
ಎರಡು.
ಮೂರು ಬರುವಾಗ ವಾಚಿನ ಬೆನ್ನು ಬಿಚ್ಚಿದ್ದೆ.
ನಾಲ್ಕಕ್ಕೆ ಎದ್ದೆ, ನಿಜವಾಗಿಯೂ ಎದ್ದೆ,
ಅಡುಗೆಮನೆಯ ಹೊಸ್ತಿಲ ತನಕ ಹೋದೆ.
ಅಲ್ಲೊಂದು ಇರುವೆ, ತನಗಿಂತ ದೊಡ್ಡ ನುಚ್ಚಕ್ಕಿ ಹೊತ್ತು

ದಾರ ಜಗ್ಗಿತು.