ಎರಡು ಕರ್ಣ

ಮೊದಲು ನೆಲವೇ ಸುಳ್ಳು ಹೇಳಿತು.
ಕಾಮಾಕ್ಷಿಪಾಳ್ಯದಲ್ಲಿ ಯಾವ ಶೆಡ್ಡಿನ ನೆಲ
ನಿಜ ಹೇಳುತ್ತದೆ ಹೇಳಿ.
ರಸಮಟ್ಟದ ಗುಳ್ಳೆ ಮೋರಿಗೆ ಬೆನ್ನು ಹಾಕಿ ಓಡುತ್ತಿತ್ತು.
ತಗಡಿನ ಚೂರು ಇಟ್ಟು, ತೆಗೆದು, ಮತ್ತೆ ಇಟ್ಟು
ಒಂದು ಭಾನುವಾರ ಪೂರ್ತಿ
ಬರೀ ನಾಲ್ಕು ಕಾಲಿಗೆ ಹೋಯಿತು.

ಎಂಟಡಿ ಉದ್ದ, ನಾಲ್ಕಡಿ ಅಗಲ.
ಪೈಪು ಗುಜರಿಯದು, ಯಾವುದೋ ಜಾಹೀರಾತು ಹಲಗೆಯ ಬೆನ್ನೆಲುಬು,
ಯಾರದೋ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ
ಇನ್ನೂ ಅದರ ಮೇಲಿವೆ.
ಮೋಟಾರು ಎಸ್‌ಪಿ ರೋಡಿನದು, ಗ್ಯಾರಂಟಿ ಕೇಳಬೇಡಿ.
ಕಂಪ್ಯೂಟರು ಜಬೀನಾಳದು, ಡಿಪ್ಲೊಮಾ ಓದುವಾಗಿನದು,
ಹಳೇ ಬೀಡಿಯವರ ಹಾಗೆ ಕೆಮ್ಮಿ ಕೆಮ್ಮಿ
ಆಮೇಲೆ ಕೆಲಸಕ್ಕೆ ಕೂರುತ್ತದೆ.
ದುಡ್ಡು, ಚೀಟಿ ಎತ್ತಿದ್ದು. ಹದಿನೇಳು ಕಂತು ಬಾಕಿ.

ಲೂರ್ದುಸಾಮಿ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ನೋಡುತ್ತಿದ್ದರು.
ಗ್ಯಾಸ್ ಕಟಿಂಗಿನ ಕೈ ಅವರದು.
ಸೀಮೆಸುಣ್ಣದ ಗೆರೆಯ ಮೇಲೆ ಉರಿ ನಡೆಸಿದರೆ
ಗೆರೆಯೇ ಸೀಳುತ್ತಿತ್ತು,
ಆಚೆ ತುಂಡಿಗೆ ಅರ್ಧ ಬಿಳುಪು, ಈಚೆ ತುಂಡಿಗೆ ಅರ್ಧ.
ಈಗ ಆ ಕೈಗೆ ಟೀ ಲೋಟವೂ ಮುಕ್ಕಾಲೇ ತುಂಬಿಸಬೇಕು.
"ನಿಮ್ಮ ಮೇಜಿಗೆ ಕೈ ನಡುಗಲ್ಲ, ಅಲ್ವಾ" ಅಂದರು.
ಕೇಳಿದ್ದೋ, ಹೇಳಿದ್ದೋ, ತಿಳಿಯಲಿಲ್ಲ.

ನಡುಗಿತು.
ಟಾರ್ಚು ಹೊತ್ತಿದ ಕೂಡಲೆ ಪರದೆ ಕಪ್ಪಾಯಿತು,
ಮೋಟಾರು ಹೆಜ್ಜೆ ಮರೆತು ನಿಂತಲ್ಲೇ ಗುರ್ ಎಂದಿತು.
ಜಬೀನಾ ಹಿತ್ತಲಿಗೆ ಹೋಗಿ ತಾಮ್ರದ ಸಲಾಕೆ ಹೊಡೆದಳು,
ಇದ್ದಿಲು, ಕಲ್ಲುಪ್ಪು, ಎರಡು ಬಿಂದಿಗೆ ನೀರು.
ಪಕ್ಕದ ಪವರ್ ಪ್ರೆಸ್ಸಿನವನು ಇಣುಕಿದ: "ಯಾರಿಗೆ ಎಡೆ?"
"ಭೂಮಿಗೆ" ಅಂದಳು,
"ಅವಳು ನುಂಗಿದರೇನೇ ಇದು ಸುಮ್ಮನಾಗೋದು."

ಸುಮ್ಮನಾಯಿತು.
ನೀಲಿ ಉರಿ ನೀರಿನ ಮೇಲೆ ಸೀಟಿ ಹಾಕುತ್ತ ಹೋಗಿ
ನಾಲ್ಕು ಮೂಲೆ ತಿರುಗಿ ಹೊರಟಲ್ಲಿಗೇ ಬಂತು.
ಇಕ್ಕಳದಲ್ಲಿ ಎತ್ತಿದೆ. ಚೌಕ.
ಕಣ್ಣಿಗೆ ಚೌಕ.
ಟೇಪು ಹಿಡಿದರೆ ಒಂದು ಕರ್ಣಕ್ಕಿಂತ ಇನ್ನೊಂದು
ಮೂರು ಮಿಲ್ಲಿಮೀಟರು ಉದ್ದ.
ಬಿಚ್ಚಿ ಬಿಗಿದೆ. ಮೂರು.
ಅವಳು ಅಂಕಿ ತಿದ್ದಿದಳು. ಮೂರು.
ಕರೆಂಟು ಹೋಯಿತು, ಬಂತು. ನಾಲ್ಕು!
ಇಪ್ಪತ್ತು ವರ್ಷ ಕಿಟಕಿ ಗ್ರಿಲ್ಲು ಮಾಡಿದವನು ನಾನು,
ಮೂರು ಮಿಲ್ಲಿಮೀಟರನ್ನು ಪುಟ್ಟಿ ಹಚ್ಚಿ
ಎಷ್ಟು ಮನೆಗಳಲ್ಲಿ ಹೂತಿದ್ದೇನೋ.
ಇಲ್ಲಿ ಹೂಳಲು ಗೋಡೆಯೇ ಇಲ್ಲ.

ಲೂರ್ದುಸಾಮಿ ಎದ್ದು ಬಂದರು.
ಕನ್ನಡಕ ತೆಗೆದು ಜೇಬಿಗಿಟ್ಟು
ಹಳಿಗೆ ಕೆನ್ನೆ ಒತ್ತಿದರು.
(ಕರ್ಣ ಅಂದರೆ ಕಿವಿ ಅಂತಲೂ ಬರೆಸಿದ್ದರು ಏಳನೇ ಕ್ಲಾಸಲ್ಲಿ,
ನಾನು ಮರೆತಿದ್ದೆ.)
"ಉರಿ ಬೇಡ. ಖಾಲಿ ಓಡಿಸು."
ಹೋಗುವಾಗ ಏನಿಲ್ಲ.
ತಿರುಗುವಾಗ,
"ಅಲ್ಲಿ. ಎಡಗಡೆ. ಹಲ್ಲು ಒಂಚೂರು ಯೋಚನೆ ಮಾಡ್ತಾ ಇದೆ."
ಒಳಗೆ, ಅಕ್ಕಿಕಾಳಿನಷ್ಟು ಒಂದು ಸ್ಕ್ರೂ.
ಅರ್ಧ ಸುತ್ತು.

ಆಮೇಲೆ ಎರಡು ಕರ್ಣವೂ ಒಂದೇ ಮಾತು ಹೇಳಿದವು.

ಟೀ ತರಿಸಿದೆವು. ಯಾರೂ ಜಾಸ್ತಿ ಮಾತಾಡಲಿಲ್ಲ.
ಅವರು ಸೀಮೆಸುಣ್ಣ ಕೇಳಿ ಹಾಳೆಯ ಮೂಲೆಯಲ್ಲಿ
ಒಂದು ಬಾತುಕೋಳಿ ಬರೆದರು, ಮೊಮ್ಮಗಳಿಗಂತೆ.
ಗೆರೆ ಕಂಪಿಸಿ ಕಂಪಿಸಿ
ಕೊಕ್ಕಿನಿಂದ ಬಾಲಕ್ಕೆ ಬರಲು ಬಹಳ ಹೊತ್ತು ಹಿಡಿಯಿತು.
ಜಬೀನಾ ಫೋಟೊ ತೆಗೆದು ಕಂಪ್ಯೂಟರಿಗೆ ಕೊಟ್ಟಳು.
ಗೆರೆ ನಯ ಮಾಡಲೇ ಎಂದು ಕೇಳಿತು ಅದು.
ಅವಳು ನನ್ನ ಮುಖ ನೋಡಿ
ಬೇಡ ಒತ್ತಿದಳು.

ಮೇಜು ಒಂದು ನಡುಕವನ್ನೂ ಬಿಡದೆ ಕೊಯ್ದಿತು.

ಅಡಿಯ ಕಿಟ್ಟವನ್ನು ಅವರೇ ಸುತ್ತಿಗೆಯಲ್ಲಿ ತಟ್ಟಿ ಉದುರಿಸಿ,
ಇನ್ನೂ ಬಿಸಿಯಿದ್ದ ಹಕ್ಕಿಯನ್ನು
ಪೇಪರಿನಲ್ಲಿ ಸುತ್ತಿ ಬಸ್ಸಿಗೆ ನಡೆದರು.
ಹಾಳೆಯಲ್ಲಿ ಬಾತುಕೋಳಿಯಾಕಾರದ ತೂತು,
ತೂತಿನ ಕೆಳಗೆ ತೊಟ್ಟಿಯ ನೀರು.

ಮಾರನೆ ದಿನ ಪೀಣ್ಯದವರ ಎಪ್ಪತ್ತು ಬ್ರಾಕೆಟ್ಟುಗಳನ್ನು
ಜಬೀನಾ ಆ ತೂತಿನ ಸುತ್ತಲೇ ಒತ್ತೊತ್ತಾಗಿ ಹೊಂದಿಸಿದಳು.
ತಗಡು ದಂಡ ಮಾಡೋಕಾಗುತ್ತಾ.