ನಾಲ್ಕನೆಯ ಗುಡಾಣ

ಕೋಪನ್‌ಹೇಗನ್ನಿನಿಂದ ಈ ಅಲೆಂತೆಜುವಿನ ಬಿಸಿಲಿಗೆ ಬಂದ ಹುಡುಗ
ಜೇಬಿನಿಂದ ಹಾಳೆ ತೆಗೆದು, ಮೊಣಕಾಲ ಮೇಲೆ ಹರವಿ
ಕೇಳುತ್ತಾನೆ: ಇದರಲ್ಲಿ ಪ್ರಾಣಿಯದ್ದು ಏನಾದರೂ?

ಇಲ್ಲಪ್ಪ, ಅಂದೆ.
ಮೊಟ್ಟೆಯ ಬಿಳಿ ಇಲ್ಲ, ಮೀನಿನ ಗಾಳಿಚೀಲ ಇಲ್ಲ,
ಹಾಲಿಲ್ಲ, ಮೂಳೆಯ ಅಂಟೂ ಇಲ್ಲ.
ಊರಾಚೆಯ ದೊಡ್ಡ ಕಾರ್ಖಾನೆಯಲ್ಲಿ ವೈನಿಗೆ ಅವಸರ;
ನಾನು ಸಣ್ಣವಳಿದ್ದಾಗ ಅಲ್ಲಿ
ಬುಟ್ಟಿ ಬುಟ್ಟಿ ಮೊಟ್ಟೆ ಒಡೆಯುತ್ತಿದ್ದರು.
ಬಿಳಿ ಪೀಪಾಯಿಗೆ, ಹಳದಿ
ನಮ್ಮತ್ತೆ ಫೆಲಿಜ್ಬೆಲಾಳ ಬಾಣಲೆಗೆ.
ವಾರವಿಡೀ ಮನೆಯಲ್ಲಿ ಸಕ್ಕರೆ ಪಾಕದ ಘಮ,
ಎಂಟನೆಯ ದಿನ
ಸೂರ್ಯಕಾಂತಿ ಕಂಡರೂ ವಾಕರಿಕೆ.

ನಮ್ಮದು ಮಣ್ಣಿನ ಗುಡಾಣ, ಆಳೆತ್ತರ.
ಹಣ್ಣು ತುಳಿದು, ಸಿಪ್ಪೆ ಬೀಜ ತೊಟ್ಟು ಸಮೇತ
ಸುರಿದುಬಿಟ್ಟರೆ ಮುಗಿಯಿತು. ಮುಗಿಯಿತು ಅಂದೆನೆ?
ದಿನಕ್ಕೆ ಮೂರು ಸಲ ಏಣಿ ಹತ್ತಿ
ಮೇಲೆ ತೇಲಿದ ಸಿಪ್ಪೆಯ ಮುದ್ದೆಯನ್ನು ಕೋಲಿನಿಂದ ಒತ್ತಬೇಕು,
ಇಲ್ಲವಾದರೆ ಉಸಿರು ಕಟ್ಟಿ ಗುಡಾಣವೇ ಸಿಡಿಯುತ್ತದೆ.
ಅಜ್ಜನ ಕಾಲದಲ್ಲಿ ಒಂದು ಸಿಡಿದಿತ್ತು, ನಡುರಾತ್ರಿ.
ಬೀದಿನಾಯಿಗಳು ಎರಡು ದಿನ ಓಲಾಡಿದವು ಎಂದು
ಅಜ್ಜಿ ಹೇಳುತ್ತಿದ್ದಳು, ನಗದೆ.

ಆಮೇಲೆ ಕುದಿತ ನಿಲ್ಲುತ್ತದೆ. ಗಷ್ಟು ಇಳಿಯುತ್ತದೆ.
ಬುಡದ ತೂತಿನಿಂದ ಬರುವ ರಸ
ತನ್ನದೇ ಸಿಪ್ಪೆಯಲ್ಲಿ ತಾನೇ ಸೋಸಿಕೊಂಡು ಬರುತ್ತದೆ.
ತಿಳಿಯಾಗುವುದೆಂದರೆ ಇಷ್ಟೆ, ಯಾರೂ ಕಲಕದಿರುವುದು.
ಸಂತ ಮಾರ್ತೀನನ ದಿನದವರೆಗೆ ಕೈಕಟ್ಟಿ ಕೂರುವುದೇ ಕಷ್ಟ.

ಹುಡುಗ ಪೆನ್ನಿನ ಮುಚ್ಚಳ ತೆಗೆದ.
ಚೌಕದೊಳಗೆ ಇನ್ನೇನು ಗುರುತು ಬೀಳಬೇಕು,
ಅವನ ಕೈ ಹಿಡಿದೆ.

ತಡಿ. ನಾಲ್ಕನೆಯದು.
ಅದರ ಒಳಮೈಗೆ ರಾಳ ಬಳಿದವನು ಮುದುಕ ಜಸಿಂತು.
ಪೈನ್ ಮರದ ರಾಳ, ತುಸು ಆಲಿವ್ ಎಣ್ಣೆ, ಮತ್ತೆ
ಹೆಬ್ಬೆರಳಷ್ಟು ಜೇನುಮೇಣ.
ಉಳಿದ ಮೂರಕ್ಕೆ ಅವನ ಅಳಿಯ ಬಳಿದದ್ದು, ಮೇಣವಿಲ್ಲದೆ.
ಜಸಿಂತು ಈಗಿಲ್ಲ. ಅವನ ಮೇಣ ಇದೆ.
ಆಗ ನನಗೆ ಒಂಬತ್ತು, ಕಡ್ಡಿಯಂತಿದ್ದೆ,
ಬಾಯಿಯಿಂದ ಒಳಗಿಳಿಸಿ ಉಜ್ಜಲು ಬಿಟ್ಟಿದ್ದರು.
ಕತ್ತಲಲ್ಲಿ ನನ್ನ ಹೆಸರು ನಾನೇ ಕೂಗಿಕೊಂಡರೆ
ಯಾರೋ ದೊಡ್ಡ ಹೆಂಗಸು
‘ಏನೇ ಎರ್ಮೆಲಿಂಡಾ’ ಎಂದು ಓಗೊಟ್ಟಂತಾಗುತ್ತಿತ್ತು.
ನಿನ್ನ ಜೊತೆ ಈಗ ಮಾತಾಡುತ್ತಿರುವುದು ಅವಳೇ.

ಮೇಣ ವೈನಿಗೆ ಇಳಿಯುತ್ತದೆಯೇ?
ಗೊತ್ತಿಲ್ಲ ಮಗಾ. ನಲವತ್ತೊಂದು ವರ್ಷ ಕುಡಿದಿದ್ದೇವೆ.
ಸಾಲುಗಳ ನಡುವೆ ಉತ್ತ ಹೇಸರಗತ್ತೆಯನ್ನು ಎಲ್ಲಿ ಬರೆಯುತ್ತೀ,
ಕಾಲುಪಾಲು ಹಣ್ಣು ತಿಂದು ಹೋದ ಕಬ್ಬಕ್ಕಿಗಳನ್ನು?
ನಿನ್ನ ಹಾಳೆಯಲ್ಲಿ ಜಾಗ ಕಡಿಮೆ.

ಬಹಳ ಹೊತ್ತು ಸುಮ್ಮನಿದ್ದ.
ಮೂರು ಗುಡಾಣದ ಲೆಕ್ಕ ಬರೆದುಕೊಂಡ,
ನಾಲ್ಕನೆಯದರ ಮುಂದೆ ಗೆರೆ ಎಳೆದ.
ಇರಲಿ, ಅದು ನಮ್ಮ ಮನೆಗಾಯಿತು.

ಏಳುವ ಮುನ್ನ ಅವನ ಲೋಟದಲ್ಲೊಂದು ನೊರಜು.
ಚೆಲ್ಲಲಿಲ್ಲ. ಕಿರುಬೆರಳ ತುದಿಯಲ್ಲಿ ಎತ್ತಿ
ಮೇಜಿನಂಚಿನ ಬಿಸಿಲಿಗೆ ಇಟ್ಟ.
ರೆಕ್ಕೆ ಒಣಗುವವರೆಗೆ
ಇಬ್ಬರೂ ಮಾತಾಡಲಿಲ್ಲ.